ಕರಡು ಓದುವ ಜೊತೆ

ಕೊಳ್ಳೇಗಾಲ
16 ನವೆಂಬರ್ 2024, ಶನಿವಾರ

ಪ್ರೀತಿಯ ಮೀನಾ,

‘ಪ್ರೀತಿಯ’ ಅನ್ನುವುದನ್ನು ಓದಿ ನೀನು ಮೂಗು ಮುರಿಯುತ್ತೀಯ ಅಂತ ಗೊತ್ತು. ಮುರಿ. ಎಷ್ಟೋ ವರ್ಷದ ಅಭ್ಯಾಸ, ಪೆನ್ನು ತಾನಾಗಿಯೇ ಬರೆದುಬಿಟ್ಟಿತು, ಹೊಡೆದು ಹಾಕಲು ಮನಸ್ಸು ಬರಲಿಲ್ಲ. ನೀನು ಫೋನ್ ಎತ್ತುತ್ತಿಲ್ಲ, ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಅಂಚೆಯವರನ್ನು ಬ್ಲಾಕ್ ಮಾಡುವುದು ಇನ್ನೂ ಯಾರಿಗೂ ಬರುವುದಿಲ್ಲವಾದ್ದರಿಂದ ಈ ಕಾಗದ.

ನಾಳೆ ಬಿಟ್ಟು ಮುಂದಿನ ಭಾನುವಾರ ಹನೂರಿನಲ್ಲಿ ನಮ್ಮ ಗ್ರಂಥಪಾಲಕರ ಬಳಗದ ಸಭೆ ಕರೆದಿದ್ದೀಯಂತೆ. ನನ್ನನ್ನು ಬಳಗದಿಂದ ತೆಗೆಯುವುದೊಂದೇ ಸಭೆಯ ವಿಷಯವಂತೆ. ನಿನ್ನೆ ಶಿವನಂಜಯ್ಯ ಸಾರ್ ನನ್ನ ಲೈಬ್ರರಿಗೇ ಬಂದು ಹೇಳಿದರು. ನಿವೃತ್ತರಾದ ಮೇಲೂ ನಮಗೆಲ್ಲ ಹಿರಿಯರಾಗಿ ಜೊತೆಗಿರುವ ಆ ಮನುಷ್ಯ ಯಾರನ್ನೂ ಗದರಿದವರಲ್ಲ. ಕುರ್ಚಿ ಎಳೆದುಕೊಟ್ಟರೆ ಕೂರಲಿಲ್ಲ. “ಎಂಥಾ ಕೆಲ್ಸ ಮಾಡ್ಬುಟ್ಟೆ ಕಣವ್ವಾ, ಅಷ್ಟು ಜನದ ಮುಂದೆ ಆ ಎಣ್ಮಗಳು ತಲೆ ತಗ್ಗಿಸೋ ಅಂಗೆ ಮಾಡ್ಬುಟ್ಟೆಯಲ್ಲ” ಅಂದರು. ಟೀ ತರಿಸಲಾ ಸಾರ್ ಅಂದೆ. ಬೇಡ ಅಂದು ಹೋದರು.

ಹೌದು, ಮಾಡಿದವಳು ನಾನೇ. ಗುರುವಾರ, ಗ್ರಂಥಾಲಯ ಸಪ್ತಾಹದ ಮೊದಲ ದಿನ, ಯಳಂದೂರಿನ ನಿಮ್ಮ ಕಾಲೇಜಿನ ಸಭಾಂಗಣದಲ್ಲಿ ನಮ್ಮ ‘ಹೊನ್ನುಹೊಳೆ’ ಸಂಶೋಧನಾ ಪತ್ರಿಕೆಯ ಹೊಸ ಸಂಚಿಕೆ ತೆರೆಯಲು ನೀನು ಗುಂಡಿ ಒತ್ತಿದಾಗ, ಪರದೆಯ ಮೇಲೆ ‘ಈ ಸಂಚಿಕೆ ಲಭ್ಯವಿಲ್ಲ’ ಅಂತ ಬಂತಲ್ಲ, ಅದು ವೆಬ್‌ಸೈಟ್ ಕೆಟ್ಟಿದ್ದಲ್ಲ, ನೆಟ್‌ವರ್ಕ್ ಹೋಗಿದ್ದಲ್ಲ. ಅವತ್ತು ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಕೂತು ಇಡೀ ಸಂಚಿಕೆಯನ್ನು ನಾನು ತೆಗೆದುಹಾಕಿದ್ದೆ. ವೆಬ್‌ಸೈಟ್ ಕಟ್ಟಿದ ದಿನದಿಂದ ಪಾಸ್‌ವರ್ಡ್ ನನ್ನ ಹತ್ತಿರವೇ ಇತ್ತಲ್ಲ. ನಿನ್ನೆ ಸಂಜೆ ಮತ್ತೆ ಹಾಕಿದ್ದೇನೆ, ನೋಡಿರುತ್ತೀಯ. ಹೆದರಿಕೊಂಡು ವಾಪಸ್ ಹಾಕಿದಳು ಅಂತ ಬಳಗದಲ್ಲಿ ಮಾತಂತೆ. ಹಾಗೇ ಅಂದುಕೊಳ್ಳಲಿ.

ಯಾಕೆ ಮಾಡಿದೆ ಅಂತ ಕೇಳಿದರೆ, ಎಲ್ಲರೂ ಹೇಳುತ್ತಿರುವುದೇ ಉತ್ತರ. ಹೊಟ್ಟೆಕಿಚ್ಚು. ಸುಳ್ಳೇನಲ್ಲ, ನನ್ನ ಹೊಟ್ಟೆ ಉರಿಯುತ್ತಿದೆ, ಈಗಲೂ, ಇದನ್ನು ಬರೆಯುವಾಗಲೂ.

ನೀನು ಸಂಚಾಲಕಿಯಾದ ಮೇಲೆ ಮಾಡಿದ ಭಾಷಣಗಳಲ್ಲಿ ಬಳಗ ಹುಟ್ಟಿದ ಕಥೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಬದಲಾಗುತ್ತಿದೆ, ಅದಕ್ಕೇ ನೆನಪು ಮಾಡುತ್ತೇನೆ. ನಮ್ಮ ಮೇಷ್ಟರುಗಳು ಬಡ್ತಿಗೆ ಲೇಖನ ಬೇಕು ಅಂತ ಎಲ್ಲಿಯದೋ ಪತ್ರಿಕೆಗಳಿಗೆ ದುಡ್ಡು ಕಟ್ಟುತ್ತಿದ್ದರು. ಕಟ್ಟಿದರೆ ಏನು ಕಳಿಸಿದರೂ ಪ್ರಕಟ. ಒಬ್ಬರು ಒಂದೇ ಲೇಖನವನ್ನು ಎರಡು ಕಡೆ ಹಾಕಿಸಿಕೊಂಡು ನನ್ನ ಲೈಬ್ರರಿಗೆ ಎರಡನ್ನೂ ಉಡುಗೊರೆ ಕೊಟ್ಟಿದ್ದರು. ಆವತ್ತು ಬೀರುಗಳ ಹಿಂದೆ ಹಳೇ ಗೆಜೆಟಿಯರ್ ಕಟ್ಟುಗಳ ಪಕ್ಕ ಕೂತು, ನಾವೇ ಲೈಬ್ರರಿಯಿಂದ ಒಂದು ಒಳ್ಳೆಯ ಪತ್ರಿಕೆ ಯಾಕೆ ತರಬಾರದು ಅಂದವಳು ನಾನು. ನೀನು ನಕ್ಕೆ. ಆಮೇಲೆ ನಿನ್ನಷ್ಟು ದುಡಿದವರಿಲ್ಲ, ಅದನ್ನೂ ಹೇಳುತ್ತೇನೆ. ಲೇಖಕರ ಹೆಸರು ಮುಚ್ಚಿ ಲೇಖನವನ್ನು ಬಲ್ಲವರಿಗೆ ಕಳಿಸುವುದು, ಅವರು ಬೇಡ ಅಂದರೆ ನಮ್ಮ ಪ್ರಿನ್ಸಿಪಾಲರದ್ದಾದರೂ ವಾಪಸ್ ಕೊಡುವುದು, ಆ ಧೈರ್ಯ ನಿನ್ನದೇ. ತಿಂಗಳಿಗೊಂದು ಲೈಬ್ರರಿಯಲ್ಲಿ ಸೇರಿ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಕಲಿಸಿ, ಮೂರು ತಾಲ್ಲೂಕಿನ ಗ್ರಂಥಪಾಲಕರನ್ನು ಒಂದು ಬಳಗ ಮಾಡಿದ್ದು ಇಬ್ಬರೂ. ಭಾಷಣದಲ್ಲಿ ‘ನಾವು’ ಅನ್ನು ಸಾಕು. ‘ನಾನು’ ಅನ್ನಬೇಡ.

ಜೂನ್ ತಿಂಗಳಲ್ಲಿ ಸಂಚಾಲಕರನ್ನು ಆರಿಸುವಾಗ ನಿನ್ನ ಹೆಸರು ಸೂಚಿಸಿದವಳೂ ನಾನೇ. ಯಾಕೆ ಗೊತ್ತಾ? ನೀನು ಎದ್ದು ನಿಂತು, ನಾನಲ್ಲ, ಆಶಾ ಆಗಲಿ ಅನ್ನುತ್ತೀಯ ಅಂತ. ಅಯ್ಯೋ ನನಗೆ ಬೇಡ ಅಂತ ಮೊದಲೊಂದು ಸಲ ಹೇಳಬೇಕಲ್ಲ, ಅದನ್ನು ಮನೆಯ ಕನ್ನಡಿ ಮುಂದೆ ಹೇಳಿ ನೋಡಿಕೊಂಡು ಬಂದಿದ್ದೆ. ನೀನು ಸೆರಗು ಸರಿಮಾಡಿಕೊಂಡು, ನಿಮ್ಮೆಲ್ಲರ ಇಷ್ಟ ಅಂದುಬಿಟ್ಟೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ನಾನು.

ಅದನ್ನು ಹೇಗೋ ನುಂಗಿಕೊಂಡೆ. ಮಾದೇವಿಯನ್ನು ನುಂಗಿಕೊಳ್ಳಲು ಆಗಲಿಲ್ಲ. ಹನೂರಿನ ಕಾಲೇಜಿಗೆ ಹೊಸದಾಗಿ ಗ್ರಂಥಪಾಲಕಿಯಾಗಿ ಬಂದವಳು, ಚುರುಕು, ನಗುಮುಖ, ದೊಡ್ಡವರು ಬಂದರೆ ಎದ್ದು ನಿಲ್ಲುತ್ತಾಳೆ. ಬೈಯಲು ಒಂದು ಕಾರಣವನ್ನೂ ಕೊಟ್ಟವಳಲ್ಲ. ಅವಳ ಮೇಲೆ ನನ್ನ ದೊಡ್ಡ ದೂರು ಅದೇ. ಮೊದಲ ಸಭೆಗೇ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಳು. ನೀನು ಬೆರಳು ನೆಕ್ಕಿಕೊಂಡು ತಿಂದು, ಚಟ್ನಿ ಹೇಗೆ ಮಾಡೋದು ಅಂತ ಕೇಳಿ ಬರೆದುಕೊಂಡೆ. ನನ್ನ ಡಬ್ಬಿಯ ಚಿತ್ರಾನ್ನ ಹಾಗೇ ಮನೆಗೆ ವಾಪಸ್ ಬಂತು. ಇಷ್ಟು ವರ್ಷ ನನ್ನ ಚಿತ್ರಾನ್ನ ತಿಂದಿದ್ದೀಯಲ್ಲ ಮೀನಾ, ಒಂದು ದಿನವಾದರೂ ಹೇಗೆ ಮಾಡುತ್ತೀಯ ಅಂತ ಕೇಳಿದ್ದೀಯಾ?

ಇದೆಲ್ಲ ಚಿಲ್ಲರೆ ಅಂತ ನನಗೂ ಗೊತ್ತು. ಚಿಲ್ಲರೆಯಲ್ಲದ್ದು ಕರಡು.

ಪ್ರಕಟವಾಗುವ ಮುಂಚೆ ಪ್ರತಿ ಲೇಖನದ ಕರಡನ್ನೂ ಇಬ್ಬರು ಎದುರುಬದುರು ಕೂತು ಓದಬೇಕು, ಒಬ್ಬರು ಗಟ್ಟಿಯಾಗಿ, ಇನ್ನೊಬ್ಬರು ಪೆನ್ಸಿಲ್ ಹಿಡಿದು ಕಣ್ಣಲ್ಲಿ. ನಾವು ಮಾಡಿಕೊಂಡ ಕಟ್ಟಳೆ. ನನ್ನದು ಬಾಯಿ, ನಿನ್ನದು ಪೆನ್ಸಿಲ್. ಅಲ್ಪವಿರಾಮ, ಪೂರ್ಣವಿರಾಮ, ಆವರಣ ಶುರು, ಆವರಣ ಮುಗಿಯಿತು, ಚಿತ್ರ ಒಂದು ಇದೆಯಾ, ಇದೆ. ಮಾಂಬಳ್ಳಿಯ ನಿಮ್ಮ ಮನೆ ಜಗಲಿಯಲ್ಲಿ ಹೀಗೆ ಓದುತ್ತಿದ್ದರೆ ನಿಮ್ಮತ್ತೆ ಬಂದು, “ಇದ್ಯಾವ ದ್ಯಾವ್ರ ಮಂತ್ರ ಏಳ್ತಿದ್ದೀರವ್ವಾ?” ಅಂತ ಕೇಳಿದ್ದರು. ನಕ್ಕು ನಕ್ಕು ಎಲ್ಲಿ ಓದುತ್ತಿದ್ದೆವು ಅನ್ನುವುದೇ ತಪ್ಪಿಹೋಗಿ ಮೊದಲಿಂದ ಓದಿದೆವು.

ಈ ಸಂಚಿಕೆಗೆ ನನ್ನನ್ನು ಕರೆಯಲಿಲ್ಲ ನೀನು. ಕರಡು ಯಾವತ್ತು ಅಂತ ನಾನೇ ಬಾಯಿಬಿಟ್ಟು ಕೇಳಿದೆ. ಮಾದೇವಿ ಜೊತೆ ಆಯ್ತಲ್ಲ ಅಂದೆ ನೀನು. ಗಟ್ಟಿಯಾಗಿ ಓದಿದಿರಾ ಅಂದರೆ, ಅಷ್ಟು ಹೊತ್ತೆಲ್ಲಿದೆ ಆಶಾ, ಅವರವರ ಕಂಪ್ಯೂಟರಿನಲ್ಲೇ ನೋಡಿಕೊಂಡ್ವಿ ಅಂದೆ. ಒಂದು ಲೇಖನವನ್ನೂ ನನಗೆ ಕಳಿಸಿರಲಿಲ್ಲ. ಅವತ್ತು ಮನೆಗೆ ಬಂದು ಅತ್ತುಬಿಟ್ಟೆ. ನಮ್ಮ ಯಜಮಾನರು, ಯಾರು ಹೋಗಿಬಿಟ್ಟರು ಅಂತ ಗಾಬರಿಯಾದರು. ಕರಡಿಗೆ ಕರೆಯಲಿಲ್ಲ ಅಂದರೆ ಅವರಿಗೆ ಏನು ಅರ್ಥವಾಗಬೇಕು?

ಅದೂ ಯಾವ ಸಂಚಿಕೆ! ಮೊದಲ ಲೇಖನಕ್ಕಾಗಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರು ನಾವಿಬ್ಬರಲ್ಲವಾ? ನಿಮ್ಮ ಕಾಲೇಜಿನ ಕುಮಾರಸ್ವಾಮಿ ಮೇಷ್ಟರು ಸೋಲಿಗರು ಜೇನು ಕೀಳುವ ಬಗೆಯನ್ನು ಬರೆದಿದ್ದರು. ಯಾರ ಬಾಯಿಂದ ಕೇಳಿ ಬರೆದದ್ದೋ ಅವರಿಗೆ ಪೂರ್ತಿ ಓದಿ ಹೇಳದೆ ಪ್ರಕಟಿಸುವುದಿಲ್ಲ ಅನ್ನುವುದೂ ನಮ್ಮದೇ ಕಟ್ಟಳೆ. ಪೋಡಿನಲ್ಲಿ, ಸೋಲಿಗರ ಆ ಹಾಡಿಯ ಅಂಗಳದಲ್ಲಿ, ಅದನ್ನೆಲ್ಲ ಹೇಳಿದ ಪುಟ್ಟಬೊಮ್ಮಜ್ಜನ ಮುಂದೆ ಕೂತು ನಾನು ಓದಿದೆ. ಜೇನುಮರಗಳ ನಕ್ಷೆ ತೋರಿಸಿದಾಗ ಅಜ್ಜ ಕೈ ಅಡ್ಡ ಹಿಡಿದರು. “ಎಂಗೆ ಕೀಳ್ತೀವಿ ಅನ್ನದ ಬರ್ಕಳಿ, ಮಕ್ಳು ಓದ್ಕತವೆ. ಎಲ್ಲಿ ಅನ್ನದು ಬ್ಯಾಡ ಕಣವ್ವಾ. ಎಲ್ರಿಗೂ ಗೊತ್ತಾದ್ರೆ ಮರ ಉಳಿಯಾಕಿಲ್ಲ, ನಾವೂ ಉಳಿಯಾಕಿಲ್ಲ” ಅಂದರು. ನೀನು ಅವರ ಎರಡೂ ಕೈ ಹಿಡಿದುಕೊಂಡು, ನನ್ನ ಮೇಲೆ ಬಿಡಿ ಅಜ್ಜ ಅಂದೆ. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಮಾಡಿದೆ. ಆ ಲೇಖನದ ಕರಡನ್ನು ಮಾದೇವಿ ಓದಬೇಕಾ?

ಗುರುವಾರ ಬೆಳಿಗ್ಗೆ, ಸಂಚಿಕೆ ತೆಗೆಯುವ ಮುಂಚೆ, ನಿನಗೆ ಫೋನ್ ಮಾಡಿದ್ದೆ. ಎತ್ತಿದವಳು ಅವಳು. “ಮೀನಕ್ಕ ಅಜ್ಜನ ಕರ್ಕಬರಾಕೆ ಓಗವ್ರೆ, ಫೋನ್ ನನ್ ಕೈಲಿ ಕೊಟ್ಬುಟ್ಟು. ಏನಿದ್ರೂ ನಂಗೇ ಏಳಕ್ಕ” ಅಂದಳು. ನಿನ್ನ ಫೋನ್ ಅವಳ ಕೈಯಲ್ಲಿ! ಮೈಯೆಲ್ಲ ಬೆಂಕಿಯಾಯಿತು. ಏನಿಲ್ಲ ಬಿಡು ಅಂತ ಇಟ್ಟುಬಿಟ್ಟೆ. ಅದಾದ ಮೇಲೆ ಪಾಸ್‌ವರ್ಡ್ ಹಾಕಿದೆ.

ಸಮಾರಂಭದ ಫೋಟೊಗಳನ್ನು ಶಿವನಂಜಯ್ಯ ಸಾರ್ ಮೊಬೈಲಿನಲ್ಲಿ ನೋಡಿದೆ. ನೀನು ಮೈಕಿನ ಮುಂದೆ ನಿಂತಿದ್ದೀಯ, ಹಿಂದೆ ಖಾಲಿ ಪರದೆ, ಕಣ್ಣು ತುಂಬಿದೆ. ಖುಷಿಯಾಗಲಿಲ್ಲ ಕಣೇ, ದೇವರಾಣೆ. ಆದರೆ ಮುಂದಿನ ಫೋಟೊದಲ್ಲಿ ಮಾದೇವಿ ನಿನ್ನ ಬೆನ್ನು ಸವರುತ್ತಿದ್ದಾಳೆ. ಅದನ್ನು ನೋಡಿ ಮತ್ತೆ ಹೊತ್ತಿಕೊಂಡಿತು. ಅಳಿಸುವುದಕ್ಕೆ ನಾನು, ಸಮಾಧಾನ ಮಾಡುವುದಕ್ಕೆ ಅವಳು.

ಭಾನುವಾರ ಹನೂರಿಗೆ ಬರುತ್ತೇನೆ. ಸಾಕ್ಷಿ, ವಿಚಾರಣೆ ಏನೂ ಬೇಡ. ಹೊಟ್ಟೆಕಿಚ್ಚಿಗೆ ಮಾಡಿದೆ ಅಂತ ನಾನೇ ಎದ್ದು ಹೇಳುತ್ತೇನೆ, ಪಾಸ್‌ವರ್ಡ್ ಒಪ್ಪಿಸುತ್ತೇನೆ, ನೀವು ತೆಗೆದರೆ ಎದ್ದು ಹೋಗುತ್ತೇನೆ. ಅದಕ್ಕೆ ಮನಸ್ಸು ಸಿದ್ಧವಾಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಬಳಗ ಬಿಟ್ಟರೆ ನನ್ನ ಕೆಲಸದಲ್ಲಿ ಉಳಿಯುವುದು ಬೆಳಿಗ್ಗೆ ಲೈಬ್ರರಿ ಬಾಗಿಲು ತೆಗೆಯುವುದು, ಸಂಜೆ ಹಾಕುವುದು. ನೀನೂ ಇಲ್ಲದಿದ್ದರೆ ಊಟದ ಡಬ್ಬಿ ಬಿಚ್ಚುವುದಕ್ಕೂ ಬೇಜಾರು. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಇನ್ನು ಮುಂದೆ ಕರಡನ್ನು ಗಟ್ಟಿಯಾಗಿ ಓದಿ, ಇಬ್ಬರು ಕೂತು ಓದಿ. ಮಾದೇವಿಯ ಜೊತೆಯೇ ಆಗಲಿ. ಈ ಕೊನೆಯ ವಾಕ್ಯ ಬರೆಯುವ ಮುಂಚೆ ಎದ್ದು ಹೋಗಿ ನೀರು ಕುಡಿದು ಬಂದೆ.

ನಿಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸು. ಅವರಾದರೂ ನನ್ನನ್ನು ಬ್ಲಾಕ್ ಮಾಡಿರಲಾರರು.

ಒಂದು ಕಾಲದಲ್ಲಿ ನಿನ್ನ ಬಾಯಿಯಾಗಿದ್ದ,
ಆಶಾರಾಣಿ

ಸಹಿ ಮಾಡಿದ ಮೇಲೆ: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಅಂಟು ಹಚ್ಚುವ ಮುಂಚೆ ಮನಸ್ಸು ತಡೆಯಲಿಲ್ಲ.

ಬುಧವಾರ ಸಂಜೆ ನೀನು ವೆಬ್‌ಸೈಟಿಗೆ ಹಾಕಿದ ಜೇನಿನ ಲೇಖನ ಹಳೆಯದು. ‘ಅಂತಿಮ’, ‘ಅಂತಿಮ ಸರಿ’, ‘ಅಂತಿಮ ಸರಿ ಇದೇ’ ಅಂತ ಹೆಸರಿಟ್ಟುಕೊಳ್ಳುತ್ತೀಯಲ್ಲ, ಅವಸರದಲ್ಲಿ ನೀನು ನಡುವಿನದನ್ನು ಹಾಕಿದ್ದೆ. ಅದರಲ್ಲಿ ಚಿತ್ರ ಮೂರು ಹಾಗೇ ಇತ್ತು. ಪೂರ್ತಿ ನಕ್ಷೆ, ಒಂದೊಂದು ಮರ, ಅದನ್ನು ಹತ್ತುವ ಮನೆಯವರ ಹೆಸರಿನ ಸಮೇತ. ಹಾಕುವ ಮುಂಚೆ ಆ ಪ್ರತಿಯನ್ನೇ ನೀವು ಗಟ್ಟಿಯಾಗಿ ಓದಿದ್ದರೆ ‘ಚಿತ್ರ ಮೂರು’ ಅಂದ ಕೂಡಲೇ ಬಾಯಿ ನಿಲ್ಲುತ್ತಿತ್ತು. ಗುರುವಾರ ಬೆಳಿಗ್ಗೆ ನಾನು ಸಂಚಿಕೆ ತೆರೆದಿದ್ದು ಮಾದೇವಿಯ ತಪ್ಪು ಹುಡುಕುವುದಕ್ಕೆ. ಸಿಕ್ಕಿದ್ದು ನಿನ್ನದು. ಅಷ್ಟು ಹೊತ್ತಿಗೆ ಅದನ್ನು ನೋಡಿದವರ ಲೆಕ್ಕ ಒಂದು ಅಂತ ತೋರಿಸುತ್ತಿತ್ತು, ಆ ಒಂದು ನಾನೇ. ಸಭೆಯಲ್ಲಿ ತೆರೆದಿದ್ದರೆ ಪುಟ್ಟಬೊಮ್ಮಜ್ಜ ಶಾಲು ಹೊದ್ದು ಕೂತ ವೇದಿಕೆಯ ಹಿಂದೆಯೇ ಅವರ ಮರಗಳೆಲ್ಲ ಬರುತ್ತಿದ್ದವು. ಅಂತರ್ಜಾಲದ ಹುಡುಕುತಾಣಗಳು ನಕಲು ಎಳೆದುಕೊಂಡ ಮೇಲೆ ನಾವು ತೆಗೆದರೂ ಅದು ಹೋಗುತ್ತಿರಲಿಲ್ಲ.

ಸರಿಯಾದದ್ದನ್ನು ಹಾಕೋಣ ಅಂದರೆ ನನ್ನ ಹತ್ತಿರ ಇರಲಿಲ್ಲ, ನೀನು ಕಳಿಸಿರಲಿಲ್ಲವಲ್ಲ. ಅದೊಂದೇ ಲೇಖನ ತೆಗೆದಿದ್ದರೆ ಅದರಲ್ಲೇನಿದೆ ಅಂತ ಎಲ್ಲರೂ ಕೇಳುತ್ತಿದ್ದರು. ಇಡೀ ಸಂಚಿಕೆ ತೆಗೆದರೆ ಆಶಾರಾಣಿಗೇನಾಗಿದೆ ಅಂತ ಮಾತ್ರ ಕೇಳುತ್ತಾರೆ. ನಿನ್ನೆ ಕುಮಾರಸ್ವಾಮಿ ಮೇಷ್ಟರಿಂದ ಸರಿಯಾದ ಪ್ರತಿ ತರಿಸಿಕೊಂಡೆ, ಯಾಕೆ ಅಂತ ಹೇಳಲಿಲ್ಲ. ಮಾದೇವಿಗೆ ಫೋನಿನಲ್ಲೇ ಹೇಳಿದ್ದರೆ ಅವಳು ಆಗಲೇ ಸರಿಮಾಡಿಸುತ್ತಿದ್ದಳು, ನಿನ್ನ ಮಾನವೂ ಉಳಿಯುತ್ತಿತ್ತು. ಅವಳ ಮುಂದೆ ನಿನ್ನ ತಪ್ಪು ಹೇಳಲಾರೆ ಅನ್ನಿಸಿತು. ಅವಳಿಗೆ ಆ ಉಪಕಾರ ಮಾಡುವ ಭಾಗ್ಯ ಸಿಗಬಾರದು ಅಂತಲೂ ಅನ್ನಿಸಿತು. ಯಾವುದು ಮೊದಲು ಅನ್ನಿಸಿದ್ದು ಅಂತ ಕೇಳಬೇಡ.

ಹೋಗಿ ಪುಟ್ಟಬೊಮ್ಮಜ್ಜನಿಗೆ ನಿಜ ಹೇಳು, ಅವರಿಗೆ ತಿಳಿಯಬೇಕು. ಬಳಗಕ್ಕೆ ಬೇಡ, ನಿನ್ನನ್ನು ಇಳಿಸಿಬಿಡುತ್ತಾರೆ. ಬೆಟ್ಟಕ್ಕೆ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗು, ಅವಳೊಬ್ಬಳನ್ನು ಬಿಟ್ಟು.