ಆ ತಗ್ಗು ಬಾಗಿಲು ಹಾಗೇ ಇರಲಿ

ಸಂಡೂರು ಗುಡ್ಡದ ಒಳಗಿನಿಂದ
೨೧೮೮, ಹದಿಮೂರನೇ ತಿಂಗಳ ಐದು

ಪ್ರೀತಿಯ ಶಾಂಭವಿ ಅಜ್ಜಿ,

ನನ್ನ ಮದುವೆ ಆಯಿತು! ಇದನ್ನು ಮೊದಲು ಬರೆಯದಿದ್ದರೆ ಕೈ ಮುಂದಕ್ಕೆ ಓಡುವುದೇ ಇಲ್ಲ. ಗಂಡ ಬದುಕಿದ್ದಾರೆ, ನಾನೂ ಬದುಕಿದ್ದೇನೆ. ನಮ್ಮ ಕಾಲದಲ್ಲಿ ಮದುವೆಯ ಮರುದಿನ ಇಷ್ಟು ಬರೆಯಲು ಸಾಧ್ಯವಾಗುವುದೇ ಒಂದು ಹಬ್ಬ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ನೆಲ ಹಿಡಿದಿರುವವರನ್ನು ನಾವು ಮುಗಿಲವರು ಎನ್ನುತ್ತೇವೆ, ಮುಗಿಲಿನಿಂದ ಇಳಿದು ಬಂದವರಲ್ಲವೇ. ಅದಿರು ಅಗೆಯಲು ವರ್ಷ ಸಾಲದೆಂದು ಅವರೇ ಒಂದು ತಿಂಗಳು ಹೆಚ್ಚಿಗೆ ಸೇರಿಸಿದರು. ನಾನು ಚಾರುಮತಿ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು. ನನ್ನ ಮಾತು ವಿಚಿತ್ರ ಅನ್ನಿಸಿದರೆ ದಯವಿಟ್ಟು ಕ್ಷಮಿಸಿ. ಗಣಿಯ ಶಾಲೆಯಲ್ಲಿ ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಕನ್ನಡ ಬಂದದ್ದು ಅಮ್ಮನಿಂದ, ಮತ್ತೆ ನೀವು ಬರೆಯುವ 'ಮುಗಿಲ ಸೆರೆ' ಸೀರಿಯಲ್ಲಿನ ಒಂದೇ ಒಂದು ಎಪಿಸೋಡಿನಿಂದ. ಅನ್ಯಗ್ರಹದವರು ಭೂಮಿಯನ್ನು ಆಳುವ ಆ ಕತೆಯಲ್ಲಿ 'ಹೊಸ್ತಿಲು' ಎಂಬ ಎಪಿಸೋಡ್ ಮಾತ್ರ ನಮ್ಮವರೆಗೆ ಉಳಿದು ಬಂದಿದೆ. ನಿಮ್ಮ ಲೆಕ್ಕದಲ್ಲಿ ಅದು ಈ ವಾರ ಎಡಿಟಿಂಗ್ ಟೇಬಲ್ ಮೇಲಿದೆ. ಅದಕ್ಕೇ ಈ ಅವಸರ.

ಮನೆಯಲ್ಲಿ ತಲೆಮಾರಿನಿಂದ ಹೇಳಿಕೊಂಡು ಬಂದ ಸುದ್ದಿ ಒಂದಿದೆ. ಸೆಟ್ ಹಾಕಿದವರು ಅಳತೆ ತಪ್ಪಿ ಮನೆಯ ಬಾಗಿಲನ್ನು ತೀರ ತಗ್ಗಾಗಿ ಮಾಡಿದರಂತೆ. ರಾಕ್ಷಸನ ವೇಷದ ನಟ ಬಗ್ಗಿಯೇ ಒಳಗೆ ಬರಬೇಕಾಯಿತಂತೆ. ಬಗ್ಗಿದಾಗ ವೇಷದ ಕುತ್ತಿಗೆ ಬಿಟ್ಟುಕೊಂಡು ಒಳಗಿನ ಬನಿಯನ್ ಕಂಡಿತಂತೆ! ಬಾಗಿಲು ಎತ್ತರಿಸಿ ಮತ್ತೆ ಶೂಟ್ ಮಾಡೋಣ ಎಂದು ಡೈರೆಕ್ಟರ್ ಹಟ ಹಿಡಿದಿದ್ದಾರಂತೆ. ಅಜ್ಜಿ, ಬಿಡಬೇಡಿ. ಆ ಬನಿಯನ್ನೇ ನನ್ನ ಗಂಡನನ್ನು ಉಳಿಸಿದ್ದು.

ನಮ್ಮ ದಿನಗಳು ಹೇಗಿವೆ ಎಂದು ಹೇಳದೆ ಇದು ಅರ್ಥವಾಗುವುದಿಲ್ಲ. ಇಲ್ಲಿ ಯಾರೂ ಯಾರ ಹೆಸರನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಹುಟ್ಟಿದ ಕೂಡಲೇ ಮಗುವಿನ ಹೆಸರನ್ನು ಮುಗಿಲವರಿಗೆ ಒಪ್ಪಿಸಬೇಕು. ಆಮೇಲೆ ಎಂದಾದರೂ ಆ ಹೆಸರು ಗಾಳಿಯಲ್ಲಿ ಕೇಳಿಸಿದರೆ ಕೇಳುಗ ಬರುತ್ತಾನೆ. ಕೇಳುಗ ಎಂದರೆ ಅವರ ಬೇಟೆಯಾಳು, ಇಬ್ಬರು ಮನುಷ್ಯರಷ್ಟು ಎತ್ತರ, ಮೈತುಂಬ ಕಬ್ಬಿಣದಂಥ ಹಲಗೆಗಳು. ಹೆಸರಿನವನನ್ನು ಹಿಡಿದು ಸೀಳುತ್ತಾನೆ, ಅಡ್ಡ ಬಂದವರನ್ನೂ. ಹೀಗಾಗಿ ಹೆಂಡತಿ ಗಂಡನನ್ನು 'ಇವರೇ' ಎಂದೇ ಕರೆಯುತ್ತಾಳೆ, ಮಕ್ಕಳು ಗುಬ್ಬಿ, ಗುಂಡ, ಚಿಟ್ಟೆ ಎಂದೇ ಬೆಳೆಯುತ್ತಾರೆ. ಬರೆದರೆ ತೊಂದರೆಯಿಲ್ಲ, ಅವನಿಗೆ ಕಿವಿ ಮಾತ್ರ ಇದೆ. ಯಾರದಾದರೂ ಹೆಸರು ಬಾಯಿತಪ್ಪಿ ಬಂದರೆ ಅವರು ತಾವಾಗಿ ಬಯಲಿಗೆ ಓಡುವುದು ನಮ್ಮ ರೂಢಿ, ಮನೆಯವರಾದರೂ ಉಳಿಯಲಿ ಎಂದು. ಜ್ವರದಲ್ಲಿ ಅಮ್ಮ ಹೆಸರು ಬಡಬಡಿಸಿದಾಗ ನನ್ನ ಅಪ್ಪ ಹಾಗೆಯೇ ಓಡಿದರು, ಅಂಗಳ ದಾಟಲಿಲ್ಲ. ಅಂಗಳದ ಕಲ್ಲಿನ ಮೇಲೆ ಅವರ ರಕ್ತವನ್ನು ನಾನೇ ತೊಳೆದೆ, ಆಗ ನನಗೆ ಕಲ್ಲು ತೊಳೆಯುವಷ್ಟು ವಯಸ್ಸಾಗಿತ್ತು ಅಷ್ಟೇ.

ನಮ್ಮ ಮದುವೆ ಗೊತ್ತಾದ ಖುಷಿಗೆ ಸುರಂಗದ ಗೋಡೆಯ ಮೇಲೆ ನಿಮ್ಮ ಎಪಿಸೋಡ್ ಹಾಕಿದರು. ಹೊಸ ಸೊಸೆ ಹೊಸ್ತಿಲ ಹೊರಗೆ ನಿಂತಿರುತ್ತಾಳೆ. ನಾದಿನಿ ಬಾಗಿಲಿಗೆ ಅಡ್ಡಗೈ ಹಾಕಿ, ಪ್ರಾಸ ಕೂಡಿಸಿ ಒಡಪು ಕಟ್ಟಿ ಗಂಡನ ಹೆಸರು ಹೇಳು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ ಎನ್ನುತ್ತಾಳೆ. ಹೆಸರನ್ನು ಹೀಗೆ ಕುಣಿಸಿ ಹೇಳುವ ಸಂಪ್ರದಾಯ ಇತ್ತೆಂದೇ ನಮಗೆ ಗೊತ್ತಿರಲಿಲ್ಲ! ಅಷ್ಟರಲ್ಲಿ ರಾಕ್ಷಸ ಬಗ್ಗಿದ, ಬನಿಯನ್ ಕಂಡಿತು, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಮ್ಮತ್ತೆ ಮಾತ್ರ ನಗಲಿಲ್ಲ.

"ನಗೂದು ಬಿಟ್ಟು ಅದರ ಕುತ್ತಿಗಿ ನೋಡ್ರಿ," ಎಂದರು.

"ಅತ್ತಿ, ಅದು ನಾಟಕದ ವೇಷರೀ," ಎಂದೆ.

"ವೇಷನ ಇರಲಿ. ಖರೇ ಕೇಳುಗ ಬಗ್ಗಿದ್ದನ್ನ ನಿಮ್ಮಾಗ ಯಾರ ನೋಡೀರಿ? ನಾವು ಬಯಲಿಗೆ ಓಡತೀವಿ, ಅಂವ ನಿಂತ ನಿಲುವಿನಾಗ ಕೊಲ್ಲತಾನ. ಬಗ್ಗಿದ್ರ ಅವನ ಕುತ್ತಿಗಿ ಹಲಗಿನೂ ಹಿಂಗ ಬಿಟ್ಟಾವು. ಒಮ್ಮಿ ನಮ್ಮ ಮನಿಯೊಳಗ ಕರೀರಿ ಅವನ್ನ."

ಹಾಗೆ ನನ್ನ ಮದುವೆಯೇ ಬಲೆಯಾಯಿತು. ಗುಡ್ಡದೊಳಗೆ ಕೊರೆದ ಕಲ್ಲಿನ ಕೋಣೆ, ಎದೆಯುದ್ದದ ಬಾಗಿಲು. ಒಳಗೆ ಎರಡೂ ಪಕ್ಕ ಹಾರೆ ಹಿಡಿದ ಬೀಗರು, ನಡುವೆ ಬಂಡೆ ಕೊರೆಯುವ ಡ್ರಿಲ್ ಹಿಡಿದ ಅತ್ತೆ, ರೇಷ್ಮೆ ಸೀರೆಯಲ್ಲಿ. ಮಟಮಟ ಮಧ್ಯಾಹ್ನ. ಹೊರಗೆ ನಾವಿಬ್ಬರು. ಬಾಗಿಲಲ್ಲಿ ನಾದಿನಿ ಗುಬ್ಬಿ. ನಾನು ಹೆಸರು ಹೇಳಿದ ತಕ್ಷಣ ಗುಬ್ಬಿ ನಮ್ಮನ್ನು ಒಳಗೆಳೆಯಬೇಕು, ಅಷ್ಟೇ. ನಿಲ್ಲುವ ಜಾಗ, ಅಡ್ಡಗೈ ಎಲ್ಲ ಎಪಿಸೋಡಿನಲ್ಲಿ ಇದ್ದ ಹಾಗೇ ಅಭ್ಯಾಸ ಮಾಡಿದ್ದೆವು.

"ಹೆಸರು ಹೇಳಲಾರದ ಬಿಡಾಂಗಿಲ್ಲ ವೈನಿ!" ಎಂದಳು ಗುಬ್ಬಿ.

ನಾನೇ ಕಟ್ಟಿದ ಒಡಪು ಹೇಳಿದೆ: "ಕಲ್ಲಾಗ ಕಬ್ಬಿಣ, ಕಬ್ಬಿಣದಾಗ ಕಿಚ್ಚು, ಕಲ್ಲಿನಾಥರು ಅಂದ್ರ ನನಗ ಹುಚ್ಚು!" ಹುಟ್ಟಿದಾಗಿನಿಂದ ಮೊದಲ ಸಲ ಯಾರೋ ತಮ್ಮ ಹೆಸರು ಕೂಗಿದ್ದನ್ನು ಕೇಳಿ ಇವರ ಮುಖ ಹೇಗಾಯಿತು ಅಂತೀರಿ! ಗುಬ್ಬಿ ಅದನ್ನು ನೋಡಿ ಕುಣಿದುಬಿಟ್ಟಳು. ಕೈ ತೆಗೆಯಲೇ ಇಲ್ಲ.

"ಏನಂದಿ? ಕೇಳಸಲಿಲ್ಲ. ಇನ್ನೊಮ್ಮಿ ಹೇಳು ವೈನಿ!"

ಅಜ್ಜಿ, ಅದು ನೀವು ಬರೆದ ಸಾಲು. ನಿಮ್ಮ ನಾದಿನಿ ಹೇಳಿದ ಹಾಗೇ ಅವಳೂ ಹೇಳಿದಳು, ನಿಮ್ಮ ಸೊಸೆಯ ಹಾಗೇ ನಾನೂ ನಾಚಿ ಮತ್ತೊಮ್ಮೆ ಹೇಳಿದೆ. ಒಂದು ಕರೆಗೆ ಒಬ್ಬ ಕೇಳುಗ ಎಂದು ನಮಗೆ ಗೊತ್ತಿತ್ತು. ಎರಡು ಕರೆಗೆ ಇಬ್ಬರು ಎಂದು ಯಾರಿಗೂ ಹೊಳೆಯಲಿಲ್ಲ.

ಮೊದಲನೆಯವನು ಬಂದಾಗ ನಾವು ಒಳಗಿದ್ದೆವು. ಅವನು ಬಗ್ಗಿದ. ಹಲಗೆಗಳು ಸಂದು ಬಿಟ್ಟವು, ಬಿಳಿಚಿದ ಹಸಿ ಚರ್ಮ ಕಂಡಿತು. ಅತ್ತೆ ಡ್ರಿಲ್ಲನ್ನು ಅದರೊಳಗೆ ಒತ್ತಿದರು. ಕಪ್ಪು ರಸ ಚಿಮ್ಮಿ ಅವರ ಸೀರೆ, ನನ್ನ ಹೂವಿನ ದಂಡೆ, ಗೋಡೆ ಎಲ್ಲ ತೊಯ್ದವು. ನಾವು ಕೇಕೆ ಹಾಕಿದೆವು. ಅಷ್ಟರಲ್ಲಿ ಆ ಹೆಣ ತಾನಾಗಿ ಹೊರಕ್ಕೆ ಸರಿಯತೊಡಗಿತು. ಎರಡನೆಯವನು ಅದರ ಕಾಲು ಹಿಡಿದು ಎಳೆಯುತ್ತಿದ್ದ. ಅವನು ಬಗ್ಗಲಿಲ್ಲ, ಹೊರಗೇ ನಿಂತು ತೋಳು ತೂರಿಸಿದ. ಹಾರೆ ಹಿಡಿದಿದ್ದ ಇಬ್ಬರನ್ನು ಕಲ್ಲಿಗೆ ಅಪ್ಪಳಿಸಿದ, ಬುರುಡೆ ಒಡೆದ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಕೈ ಇವರ ಕಡೆ ಹೊರಳಿತು. ಗುಬ್ಬಿ ಅದರ ಮೇಲೆ ಹಾರಿ, ಎರಡೂ ಕಾಲನ್ನು ಹೊಸ್ತಿಲಿಗೆ ಊರಿ ತಬ್ಬಿ ಹಿಡಿದಳು.

"ಅಣ್ಣಾ, ಇಂವ ಬಗ್ಗೂತನಕ ನಾ ಬಿಡಾಂಗಿಲ್ಲ!"

ಅವಳನ್ನು ಎಳೆದು ತೆಗೆಯಲು ಅವನು ಬಗ್ಗಲೇಬೇಕಾಯಿತು. ಬಗ್ಗಿದವನ ಕುತ್ತಿಗೆಗೆ ಇವರು ಕೆಳಗೆ ಬಿದ್ದಿದ್ದ ಹಾರೆ ಎತ್ತಿ ಇಳಿಸಿದರು, ತಿರುವಿದರು, ಮತ್ತೆ ಇಳಿಸಿದರು. ಅವನು ಸತ್ತ. ಅಷ್ಟರೊಳಗೆ ಅವನ ಉಗುರುಗಳು ಗುಬ್ಬಿಯ ಹೊಟ್ಟೆಯನ್ನು ಸೀಳಿದ್ದವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಇವರು ಜೀವನದಲ್ಲಿ ಮೊದಲ ಸಲ ಗಟ್ಟಿಯಾಗಿ ಅತ್ತರು. ಅವಳು ನನ್ನನ್ನೇ ನೋಡುತ್ತ, "ಈಗ ಕೇಳಿಸ್ತು ನೋಡು ವೈನಿ," ಎಂದು ಕಣ್ಣು ಮುಚ್ಚಿದಳು. ಅಷ್ಟೇ.

ಸುದ್ದಿ ಗುಡ್ಡದಿಂದ ಗುಡ್ಡಕ್ಕೆ ಹಬ್ಬಿದೆ. ಸಂಜೆಯೊಳಗೆ ಸುತ್ತಲಿನ ಸುರಂಗಗಳಲ್ಲೆಲ್ಲ ಬಾಗಿಲು ತಗ್ಗಿಸುತ್ತಿದ್ದರು. ಇಂದು ಬೆಳಿಗ್ಗೆ ನಮ್ಮವರು ಹೊಸಪೇಟೆ ಸ್ಟೇಷನ್ ಹಿಡಿದರು. ಸತ್ತ ಕೇಳುಗರಲ್ಲಿ ಒಬ್ಬನ ಎದೆಯೊಳಗೆ ಒಂದು ಪೆಟ್ಟಿಗೆ ಸಿಕ್ಕಿದೆ. ಮುಗಿಲವರು ಇಂಥದನ್ನು ಬಳಸುವುದನ್ನು ಗಣಿಯಲ್ಲಿ ಕಂಡವರಿದ್ದಾರೆ, ಅದನ್ನು ನಾವು ಹಿಂದಂಚೆ ಎನ್ನುತ್ತೇವೆ. ಅದರಲ್ಲಿಟ್ಟ ಕಾಗದ ಹಿಂದಿನ ಕಾಲಕ್ಕೆ ಹೋಗುತ್ತದೆ, ಒಂದೇ ಸಲ. ಮುಗಿಲವರು ಬರುತ್ತಾರೆಂದು ಎಚ್ಚರಿಸು ಎಂದರು ಹಿರಿಯರು. ಯಾರು ನಂಬುತ್ತಾರೆ, ಸೀರಿಯಲ್ ಪ್ರಚಾರ ಅನ್ನುತ್ತಾರೆ ಎಂದೆ ನಾನು. ಅತ್ತೆಯೇ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, "ನಿಮ್ಮಜ್ಜಿಗೆ ಬರಿ," ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ಬಾಗಿಲು ಮುಟ್ಟಬೇಡಿ, ಬನಿಯನ್ ಕಂಡರೂ ಕಾಣಲಿ. 'ಇನ್ನೊಮ್ಮಿ ಹೇಳು' ಎಂಬ ಒಂದು ಸಾಲನ್ನು ಮಾತ್ರ ಕತ್ತರಿಸಿ. ಇಡೀ ಎಪಿಸೋಡಿನಲ್ಲಿ ಜನ ನಗುವ ಸಾಲು ಅದೇ ಎಂದು ಗೊತ್ತು. ನಾವೂ ಪ್ರತಿ ಸಲ ನಕ್ಕಿದ್ದೇವೆ. ಆದರೂ ಕತ್ತರಿಸಿ, ಅಜ್ಜಿ. ನೀವು ಬರೆಯದ್ದನ್ನು ಗುಬ್ಬಿ ಹೇಳುವುದಿಲ್ಲ, ಎರಡನೆಯವನು ಬರುವುದೂ ಇಲ್ಲ.

ಹೊಸ ಮದುಮಕ್ಕಳು ಹಿರಿಯರ ಗದ್ದಿಗೆಗೆ ನಮಸ್ಕಾರ ಮಾಡಬೇಕಲ್ಲ, ಗದಗಿನಲ್ಲಿ ನಿಮ್ಮ ಸಮಾಧಿಗೆ ಬರುತ್ತೇವೆ. ಅಯ್ಯೋ, ಬದುಕಿರುವವರಿಗೆ ಸಮಾಧಿ ಅಂತ ಬರೆದುಬಿಟ್ಟೆ, ಸಾರಿ! ಹಳಿ ಸರಿಪಡಿಸಿದ ಮೇಲೆ ಓಡುವ ಮೊಟ್ಟಮೊದಲ ಗಾಡಿಯಲ್ಲೇ ಬರುತ್ತೇವೆ. ಮೂರು ಟಿಕೆಟ್ ತೆಗೆಸಿದ್ದೇನೆ. ಕಿಟಕಿ ಪಕ್ಕದ್ದು ಗುಬ್ಬಿಗೆ. ಬರುವ ಭಾನುವಾರ, ಹೊಸಪೇಟೆಯಿಂದ ಗದಗಿಗೆ ಬರುವ ಬೆಳಗಿನ ಪ್ಯಾಸೆಂಜರ್.

ನಿಮ್ಮ,
ಚಾರುಮತಿ