ಲೀಡರ್ ಊಟ ಬಿಟ್ಟಿದ್ದಾಳೆ

ಭಾನುವಾರ, ಜೂನ್ ೧೨
ಮನೆಯಿಂದ

ಪ್ರೀತಿಯ ಮಗಳೇ,

ಮೊದಲು ಈ ಪತ್ರ ಒಡೆದು ಓದುತ್ತಿರುವ ಜೈಲಿನ ಸಾಹೇಬರಿಗೊಂದು ನಮಸ್ಕಾರ. ಗಾಬರಿ ಬೀಳಬೇಡಿ ಸ್ವಾಮಿ, ಒಳಗೆ ಬಾಂಬೂ ಇಲ್ಲ, ಗರಗಸವೂ ಇಲ್ಲ; ಒಂದು ಬೆಕ್ಕಿದೆ. ಕನ್ನಡಕ ಒರೆಸಿಕೊಂಡು ನಿಧಾನವಾಗಿ ಓದಿ, ಆಮೇಲೆ ನನ್ನ ಮಗಳಿಗೆ ತಲುಪಿಸಿ.

ಈಗ ನಿನಗೆ. ಬರೆಯುವುದು ತಡವಾಯಿತು, ಬೈದುಕೊಂಡಿರುತ್ತೀಯ. ಕಾಗದ ಹಿಡಿದು ಕೂತಾಗಲೆಲ್ಲ ಪೆನ್ನು ಒಂದೇ ಪದದ ಹತ್ತಿರ ಹೋಗಿ ನಿಂತುಬಿಡುತ್ತಿತ್ತು. ಅದನ್ನು ಬರೆಯುವ ಹಾಗಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಅದಕ್ಕೇ ಇವತ್ತು ಪೆನ್ನನ್ನು ನಮ್ಮ ಬೆಕ್ಕು ಲೀಡರಿನ ಹಿಂದೆ ಓಡಿಸಿದ್ದೇನೆ.

ನಮ್ಮ ಲೀಡರ್‌ಗೆ ಮೈ ಸರಿಯಿಲ್ಲ. ಕಾರ್ಮಿಕ ಸಂಘದ ಸಭೆಯಲ್ಲಿ ಯಾರು ಮಾತಾಡಿದರೂ ಎದುರಿಗೆ ಕೂತು ಆಕಳಿಸುತ್ತಿದ್ದಳಲ್ಲ, ಆ ಠೀವಿಯೆಲ್ಲ ಇಳಿದುಹೋಗಿದೆ. ಪೊಲೀಸರು ನಿನ್ನನ್ನು ಹಿಡಿದುಕೊಂಡು ಹೋದ ಮೇಲೆ ಬಚ್ಚಲಿನ ಬಕೆಟ್ಟಿಗೆ ಮುಖ ಹಾಕಿ ನೀರು ಕುಡಿಯಲು ಶುರು ಮಾಡಿದಳು. ಕುಡಿದದ್ದೇ ಕುಡಿದದ್ದು. ಮೈಯೆಲ್ಲ ಇಳಿದು ಬೆನ್ನಮೂಳೆ ಎಣಿಸುವ ಹಾಗಾಯಿತು. ಆಮೇಲೆ ಊಟ ಬಿಟ್ಟಳು. ಮೀನಿಟ್ಟರೂ ಮೂಸಿ ಮುಖ ತಿರುಗಿಸಿದಳು.

ನಾವೇನು ಮಾಡಿದೆವು ಗೊತ್ತಾ? ನಕ್ಕುಬಿಡು. ಆಸ್ಪತ್ರೆಯ ಲಾಂಡ್ರಿಯಲ್ಲಿ ನಮ್ಮನ್ನು ಒಳಗೆ ಹಾಕಿ ಜಡಿಯುವ ಬೀಗ ತೆಗೆಯುವವರೆಗೆ ಅನ್ನ ಮುಟ್ಟುವುದಿಲ್ಲ ಅಂತ ನೀನು ಒಳಗೆ ಕೂತಿದ್ದೀಯ. ಹೊರಗೆ ಜೈಲಿನ ಗೋಡೆಗೆ ಒತ್ತಿಕೊಂಡೇ ನಮ್ಮ ಟೆಂಟು. ಲೀಡರ್ ತಿನ್ನುತ್ತಿಲ್ಲ ಅಂದ ಕೂಡಲೇ ನಮ್ಮ ಖಜಾಂಚಿ ಎದ್ದುನಿಂತು, "ನೋಡ್ರಪ್ಪಾ, ಮೂಕಪ್ರಾಣಿಗೆ ಇರೋ ನಿಯತ್ತು! ಅವಳೂ ಉಪವಾಸಕ್ಕೆ ಕೂತಿದ್ದಾಳೆ!" ಎಂದು ಕೂಗಿದ. ಟೆಂಟಿಗೆ ಟೆಂಟೇ ಚಪ್ಪಾಳೆ. ಅವಳನ್ನು ಟೆಂಟಿಗೆ ತಂದು, ವೇದಿಕೆಯ ಮೇಲೆ ದಿಂಬು ಹಾಕಿ, ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿ, ‘ನಾನೂ ಜೊತೆಗಿದ್ದೇನೆ’ ಎಂಬ ಹಲಗೆ ಒರಗಿಸಿ ಕೂರಿಸಿದರು. ಪತ್ರಿಕೆಯವರು ಫೋಟೋ ಹೊಡೆದರು. ಯಾರೋ ಒಬ್ಬಳು ಹಾಲು ತಂದರೆ, "ಹೋರಾಟಗಾರ್ತಿಯ ಮರ್ಯಾದೆ ತೆಗೀಬೇಡ" ಎಂದು ಬೈದು ಕಳಿಸಿದ್ದು ಬೇರೆ. ಇಂಥ ದಡ್ಡತನ ನಮ್ಮಂಥವರಿಗೆ ಮಾತ್ರ ಸಾಧ್ಯ. ಎಲ್ಲಿ ಯಾರು ಅನ್ನ ಬಿಟ್ಟರೂ ನಮಗೆ ಬೇಡಿಕೆಯೇ ಕಾಣುತ್ತದೆ, ಕಾಯಿಲೆ ಕಾಣುವುದಿಲ್ಲ.

ಪುಣ್ಯಕ್ಕೆ ಪ್ರಾಣಿಗಳ ಡಾಕ್ಟರಮ್ಮ ಸ್ಕೂಟರಿನಲ್ಲಿ ಆ ದಾರಿಯಾಗಿ ಹೋಗುತ್ತಿದ್ದಳು. ಇಳಿದು ಬಂದು ಲೀಡರಿನ ತುಟಿ ಎತ್ತಿ ಒಸಡು ನೋಡಿ, ಕತ್ತಿನ ಚರ್ಮ ಹಿಡಿದೆಳೆದು, ಬಾಯಿ ಮೂಸಿ ನೋಡಿದಳು. ಆಮೇಲೆ ಟೆಂಟಿನ ಮಧ್ಯೆ ನಿಂತು, "ಇದು ಉಪವಾಸ ಅಲ್ಲ ಕಣ್ರೀ, ಸಕ್ಕರೆ ಕಾಯಿಲೆ! ಎರಡು ದಿನ ಹೀಗೇ ಚಪ್ಪಾಳೆ ತಟ್ತಾ ಇದ್ದಿದ್ರೆ ಇಲ್ಲೇ ಗುಂಡಿ ತೋಡಬೇಕಿತ್ತು" ಎಂದಳು. ಖಜಾಂಚಿ ರಿಬ್ಬನ್ ಬಿಚ್ಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ತನ್ನ ಪ್ರಾಣಿಗಳ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಬಾಟಲಿ ಏರಿಸಿ, ವಾಂತಿ ನಿಲ್ಲುವ ಔಷಧಿ ಕೊಟ್ಟು ಕಳಿಸಿದ್ದಾಳೆ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಇನ್ಸುಲಿನ್ ಸೂಜಿ. ಸೂಜಿಗೆ ನಾನು ಹೆದರುವವಳಲ್ಲ. ಹೆದರಿದ್ದು ಆಕೆ ಹೇಳಿದ ಮಾತಿಗೆ. ಲೀಡರ್ ತಿಂದರೆ ಮಾತ್ರ ಚುಚ್ಚಬೇಕು, ಖಾಲಿ ಹೊಟ್ಟೆಗೆ ಚುಚ್ಚಿದರೆ ಸಕ್ಕರೆ ಪಾತಾಳಕ್ಕಿಳಿದು ಜೀವಕ್ಕೇ ಸಂಚಕಾರ. ಚುಚ್ಚದಿದ್ದರೆ ಸಕ್ಕರೆ ಏರಿ ಓಕರಿಕೆ, ಹಸಿವೆಯೇ ಹುಟ್ಟುವುದಿಲ್ಲ. ತಿನ್ನದೆ ಔಷಧಿಯಿಲ್ಲ, ಔಷಧಿಯಿಲ್ಲದೆ ತಿನ್ನುವುದಿಲ್ಲ. "ಹಂಗಾದ್ರೆ ಬಾಗಿಲು ಎಲ್ಲಿದೆ ಡಾಕ್ಟರಮ್ಮಾ?" ಎಂದು ಕೇಳಿದೆ. "ಸ್ವಲ್ಪ ಸ್ವಲ್ಪ ತಿನ್ನಿಸಿ, ಅಷ್ಟಕ್ಕೆ ತಕ್ಕಷ್ಟು ಸೂಜಿ ನಾನು ಹೇಳ್ತೀನಿ. ಒಂದು ಮಾತು, ಎದುರಿಗೆ ಕೂತು ತಿನ್ನು ತಿನ್ನು ಅಂತ ಪೀಡಿಸಬೇಡಿ. ಅದಕ್ಕೂ ಹಟ ಬರುತ್ತೆ" ಎಂದಳು.

ಎದುರಿಗೆ ಕೂರದೆ ಇನ್ನೇನು ಮಾಡಲಿ ಹೇಳು. ತಟ್ಟೆ ಹಿಡಿದು, ಬೆರಳಿಗೆ ಹಚ್ಚಿ, ಬೆಚ್ಚಗೆ ಮಾಡಿ, ತಣ್ಣಗೆ ಮಾಡಿ, ಅಡುಗೆಮನೆಯಿಂದ ಮಂಚದ ಅಡಿಯವರೆಗೆ ಅವಳ ಹಿಂದೆ ತೆವಳುತ್ತಿದ್ದೆ. "ತಿನ್ನೇ, ನನ್ನವ್ವ ತಿನ್ನೇ, ಒಂದೇ ಒಂದು ತುತ್ತು ಕಣೇ." ಪಕ್ಕದ ಮನೆಯವಳು ಗೋಡೆಯಾಚೆಯಿಂದ, "ಮಗಳು ಬಂದ್ಲಾ?" ಎಂದು ಕೂಗಿ ಕೇಳಿದಳು. ಇಲ್ಲ ಎಂದೆ.

ಇದರ ಮಧ್ಯೆ ನಿಮ್ಮ ಜೈಲಿನ ದೊಡ್ಡ ಸಾಹೇಬ ಮನೆಗೇ ಬಂದಿದ್ದ. ನಮ್ಮ ಭೇಟಿ ನಿಲ್ಲಿಸಿದ ಮನುಷ್ಯ, ಕುರ್ಚಿಯ ತುದಿಯಲ್ಲಿ ಕೂತು, ಲೀಡರಿನ ತಲೆ ಸವರುತ್ತ, "ನಿಮ್ಮ ಮಗಳು ಎದ್ದು ನಿಲ್ಲೋಕೆ ಗೋಡೆ ಹಿಡೀತಾಳೆ ಅಮ್ಮಾ" ಎಂದ. "ಒಂದೇ ಒಂದು ಸಾಲು ಬರೆದುಕೊಡಿ. ‘ತಿನ್ನು ಮಗಳೇ’ ಅಂತ. ಅಷ್ಟೇ ಸಾಕು. ತಾಯಿ ಮಾತು ಮೀರೋದಿಲ್ಲ ಅವಳು."

"ಆ ಸಾಲು ನಿಮ್ಮ ಕೈ ಸೇರಿದ್ರೆ ನಾಳೆ ಬೆಳಿಗ್ಗೆ ಗೇಟಿಗೆ ಅಂಟಿಸ್ತೀರಿ" ಎಂದೆ. "ಹೆತ್ತವಳೇ ಬೇಡ ಅಂದ್ಲು ಅಂತ ಪತ್ರಿಕೆಗೆ ಕೊಡ್ತೀರಿ."

"ನೀವು ತಾಯಿಯಾ, ಕಲ್ಲಾ?"

"ತಾಯಿ ಕಣಪ್ಪಾ. ಬೀಗ ತೆಗೆಸಿ, ನಾನೇ ಬಂದು ಕೈಯಾರೆ ಉಣ್ಣಿಸ್ತೀನಿ."

ಎದ್ದು ಹೋದ. ಅವನ ಬೂಟಿನ ಸದ್ದು ಬೀದಿಯ ಕೊನೆ ಮುಟ್ಟುವ ತನಕ ಬಾಗಿಲ ಹತ್ತಿರವೇ ನಿಂತಿದ್ದೆ. ನೋಡು ಮಗಳೇ, ಲೋಕದ ಅಮ್ಮಂದಿರೆಲ್ಲ ಹೊತ್ತು ಹೊತ್ತಿಗೆ ಆಡುವ ಮಾತು ಅದು. ಯೋಚನೆ ಮಾಡದೆ ಆಡುವ ಮಾತು. ಅದನ್ನೂ ನನ್ನ ಬಾಯಿಂದ ಕಿತ್ತುಕೊಂಡು ತಮ್ಮ ಲಾಠಿಯ ಪಕ್ಕದಲ್ಲಿ ನೇತುಹಾಕಿದ್ದಾರೆ ಇವರು! ಕಸಿದುಕೊಳ್ಳಲು ನಮ್ಮ ಹತ್ತಿರ ಇನ್ನೇನೂ ಉಳಿದಿರಲಿಲ್ಲ ಅಂತ ಕಾಣುತ್ತದೆ.

ಲಾಂಡ್ರಿಯ ಸುದ್ದಿ. ಟೆಂಟು ನಡೆಯಲಿ, ಆದರೆ ಒಲೆಯೂ ಉರಿಯಲಿ ಎಂದು ಸಂಘ ತೀರ್ಮಾನಿಸಿದ್ದರಿಂದ ನಾವೆಲ್ಲ ಕೆಲಸಕ್ಕೆ ಹೋಗುತ್ತಿದ್ದೇವೆ. ನೀನು ಇಸ್ತ್ರಿಪೆಟ್ಟಿಗೆಯಿಂದ ಜಜ್ಜಿದ ಬೀಗದ ಜಾಗಕ್ಕೆ ಇನ್ನೂ ದಪ್ಪನೆಯ ಬೀಗ ಬಂದಿದೆ. ಬೀಗ ಇಲ್ಲದಿದ್ದರೆ ರೋಗಿಗಳ ಚಾದರ ಕಳುವಾಗುತ್ತದಂತೆ! ಆವಿಯ ಕೊಳವೆ ಒಡೆದು, ಬಟ್ಟೆ ಮಡಚುವ ಮೇಜಿನ ಅಕ್ಕನ ಕೆನ್ನೆ ಬೇಯುತ್ತಿದ್ದಾಗಲೂ ಕೀಲಿ ಸಿಕ್ಕಿರಲಿಲ್ಲ. ಚಾದರ ಮಾತ್ರ ಒಂದೂ ಕಳುವಾಗಲಿಲ್ಲ. ಬೀಗ ಹಾಕಿದವನು ಮೇಲ್ವಿಚಾರಕ, ಒಡೆದ ನೀನು ಅಪರಾಧಿ.

ಶುಕ್ರವಾರ ಬೆಳಿಗ್ಗೆ ಲೀಡರ್ ನಾಲ್ಕು ತುತ್ತು ತಿಂದಳು. ಡಾಕ್ಟರಮ್ಮ ಫೋನಿನಲ್ಲಿ ಹೇಳಿದ ಹಾಗೆ ಕಡಿಮೆ ಮಾಡಿ ಸೂಜಿ ಹಾಕಿದೆ. ಸಂಜೆ ಬೇಗ ಬಂದು ನೋಡಿ, ಸುಸ್ತಾಗಿ ಬಿದ್ದಿದ್ದರೆ ಒಸಡಿಗೆ ಜೇನು ಸವರಿ ಅಂದಿದ್ದಳು. ಆದರೆ ಸಂಜೆ ಗಂಟೆ ಬಾರಿಸಿದರೂ ಬೀಗ ತೆಗೆಯಲಿಲ್ಲ. ಹೆಚ್ಚಿನ ಕೆಲಸವಿದೆಯಂತೆ. ಬಾಗಿಲಿನ ಜಾಲರಿಯಿಂದ ನಾವು ‘ಕೀಲಿಗೊಂಚಲು’ ಅಂತ ಕರೆಯುವ ನಮ್ಮ ಮೇಲ್ವಿಚಾರಕನನ್ನು ಕೂಗಿ, ಬೆಕ್ಕಿನ ವಿಷಯ ಹೇಳಿದೆ.

"ಬೆಕ್ಕಿಗೆ ಸಕ್ಕರೆ ಕಾಯಿಲೆ. ನಾಯಿಗೆ ಬಿ.ಪಿ. ಇಲಿಗೆ ಮೂಲವ್ಯಾಧಿ. ಇನ್ನೇನೇನಮ್ಮಾ ನಿಮ್ಮ ಮನೇಲಿ?" ಎಂದು ನಕ್ಕ.

ಹೊರಡುವಾಗ ನಾನೂ ಮನೆಗೆ ಬೀಗ ಜಡಿದು ಬಂದಿದ್ದೆ. ಅಲ್ಲಿ ಅವಳು ಒಳಗೆ, ಇಲ್ಲಿ ನಾನು ಒಳಗೆ, ಇನ್ನೊಂದು ಕಡೆ ನೀನು ಒಳಗೆ. ಜಾಲರಿಯನ್ನು ಹಿಡಿದು ಅಲ್ಲಾಡಿಸಿದೆ.

ಆಗ ಮಡಚುವ ಮೇಜಿನ ಅಕ್ಕ ಎದ್ದಳು. ಬಟ್ಟೆಯ ಗಾಡಿಯನ್ನು ತಳ್ಳಿಕೊಂಡು ಬಂದು ಬಾಗಿಲಿಗೆ ಗುದ್ದಿದಳು. ಹಿಂದಕ್ಕೆಳೆದು ಮತ್ತೆ ಗುದ್ದಿದಳು. ಇನ್ನೊಬ್ಬಳು ಬಂದಳು. ಆಮೇಲೆ ಎಲ್ಲ ಗಾಡಿಗಳೂ ಬಂದವು. ಆಸ್ಪತ್ರೆಯ ಮೇಲಿನ ಮಹಡಿಯ ಕಿಟಕಿಗಳು ತೆರೆದುಕೊಂಡು ರೋಗಿಗಳು ಇಣುಕಿದರು. "ಹೋಗಮ್ಮಾ ತಾಯೀ, ನಿನ್ನ ಬೆಕ್ಕಿನ ಮನೆ ಹಾಳಾಗ!" ಎಂದು ಕೀಲಿಗೊಂಚಲು ಬೀಗ ತೆಗೆದ. ಕೆಲಸ ಮುಗಿಯುವ ಮೊದಲೇ ಆ ಬಾಗಿಲು ಕೀಲಿಯಿಂದ ತೆರೆದದ್ದು ಅದೇ ಮೊದಲು. ಹೆಣ್ಣಿನ ಕೆನ್ನೆ ಬೆಂದಾಗ ತೆರೆಯದ್ದು ಬೆಕ್ಕಿಗಾಗಿ ತೆರೆಯಿತು. ನಗಬೇಕೋ ಉಗಿಯಬೇಕೋ ತಿಳಿಯದೆ ಓಡಿದೆ. ಮರುದಿನ ಬೀಗ ಮತ್ತೆ ಅಲ್ಲೇ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ಲೀಡರ್ ಬಕೆಟ್ಟಿನ ಪಕ್ಕ ಬಟ್ಟೆಯ ಹಾಗೆ ಬಿದ್ದಿದ್ದಳು. ಒಸಡಿಗೆ ಜೇನು ಸವರಿ ಮಡಿಲಲ್ಲಿ ಹಾಕಿಕೊಂಡು ಕೂತೆ. ತಡವಾಗಿ ಕಣ್ಣು ಬಿಟ್ಟಳು. ಬೇಯಿಸಿದ ಮೀನನ್ನು ಮುಂದಿಟ್ಟೆ. ಮುಖ ತಿರುಗಿಸಿದಳು. ಬೇಡಿದೆ, ಬೈದೆ, ಅತ್ತೂ ಬಿಟ್ಟೆ. ಕೊನೆಗೆ ಸೋತು, ಅವಳಿಗೆ ಬೆನ್ನು ಹಾಕಿ ಗೋಡೆ ನೋಡುತ್ತ ಕೂತುಬಿಟ್ಟೆ. ಬಾಯಿ ಮುಚ್ಚಿಕೊಂಡೆ. ಸುಮಾರು ಹೊತ್ತಾದ ಮೇಲೆ ಹಿಂದಿನಿಂದ ತಟ್ಟೆ ನೆಲಕ್ಕೆ ತಾಗುವ ಸದ್ದು. ಆಮೇಲೆ ನಾಲಗೆಯ ಚಪ್ ಚಪ್. ತಿರುಗಿ ನೋಡೆಂದು ಕತ್ತು ಎಳೆಯುತ್ತಿತ್ತು. ತಿರುಗಲಿಲ್ಲ.

ಇನ್ನೂ ಗೆದ್ದಿಲ್ಲ. ಒಂದು ಹೊತ್ತು ತಿಂದರೆ ಒಂದು ಹೊತ್ತು ಇಲ್ಲ. ಆದರೂ ಇವತ್ತು ಬೆಳಿಗ್ಗೆ ಖಜಾಂಚಿ ಹಣ್ಣುಹಂಪಲು ಹಿಡಿದು ಕ್ಷಮೆ ಕೇಳಲು ಬಂದಾಗ ಅವನ ಮುಖಕ್ಕೇ ಆಕಳಿಸಿದಳು. ಹಳೆಯ ಲೀಡರ್ ಒಳಗೆಲ್ಲೋ ಇದ್ದಾಳೆ.

ಮಡಚುವ ಮೇಜಿನ ಅಕ್ಕ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಮೈ ಬೆಚ್ಚಗಿಟ್ಟುಕೋ, ನೀರು ಕುಡಿ. ನೀನು ಬರುವ ದಿನ ಈ ಮನೆಯ ಬಾಗಿಲಿಗೆ ಚಿಲಕವನ್ನೂ ಹಾಕಿರುವುದಿಲ್ಲ. ನೂರು ಕಾಲ ಬಾಳು ನನ್ನ ಕಂದ, ನೂರು ಕಾಲ ಬಾಳು.

ಇಂತಿ ನಿನ್ನ
ಅಮ್ಮ

ಮರೆತದ್ದು: ಮೊನ್ನೆ ಮೈಕಿನ ಮುಂದೆ, "ಈ ಮಗಳು ಬಿದ್ದರೆ ಏನಾಯ್ತು, ನನಗೆ ಇನ್ನೂ ನೂರು ಹೆಣ್ಣುಮಕ್ಕಳಿದ್ದಾರೆ" ಎಂದೆ. ಜನ ಎದ್ದುನಿಂತು ಕೂಗಿದರು. ಗೋಡೆಯಾಚೆ ನಿನಗೂ ಕೇಳಿಸಿರಬೇಕು. ಅದು ಸುಳ್ಳು. ನನಗಿರುವುದು ಒಬ್ಬಳೇ. ಸಾಹೇಬರೇ, ಬೇಕಿದ್ದರೆ ಇದನ್ನು ಗೇಟಿಗೆ ಅಂಟಿಸಿಕೊಳ್ಳಿ. ನಿಮಗೆ ಬೇಕಾದ ಪದವನ್ನು ನಾನು ಬೆಕ್ಕಿಗೆ ಹೇಳಿದ್ದೇನೆ, ಮಗಳಿಗೆ ಹೇಳಿಲ್ಲ. ಮಗಳೇ, ನಾಳೆಯಿಂದ ಟೆಂಟಿನಲ್ಲಿ ನಾನು ಭಾಷಣ ಮಾಡುವುದಿಲ್ಲ. ನಿನ್ನ ಜೈಲಿನ ಗೋಡೆಗೆ ಬೆನ್ನು ಕೊಟ್ಟು, ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ತಿರುಗಿ ನೋಡುವುದಿಲ್ಲ. ಕಿವಿ ಮಾತ್ರ ನಿನ್ನ ಕಡೆಗೇ ಇರುತ್ತದೆ.