ಬಿಚ್ಚದ ಲೇಸು

ಅಪ್ಪ,

ನೀನು ತೀರಿಹೋದ ಮೇಲೆ ಇವತ್ತೇ ಮೊದಲ ಸಲ, ನೀನು ಕ್ಷೌರ ಮಾಡಿಸಿಕೊಳ್ಳುತ್ತಿದ್ದ ಅಂಗಡಿಗೆ ಹೋಗಿದ್ದೆ. ಟಿವಿಯಲ್ಲಿ ಬ್ಯಾಸ್ಕೆಟ್‌ಬಾಲ್ ಫೈನಲ್ ಮುಗಿಯುತ್ತ ಬಂದಿತ್ತು. ಎದುರಾಳಿಗಳು ಚೆಂಡು ಕಸಿದುಕೊಂಡು ಓಡುತ್ತಿದ್ದರೆ, ನಮ್ಮ ಕ್ಯಾಪ್ಟನ್ ಅಂಕಣದ ನಡುವೆ ಮಂಡಿಯೂರಿ ಶೂ ಲೇಸು ಕಟ್ಟುತ್ತ ಕೂತ. ಅವರು ಗೆದ್ದೇಬಿಟ್ಟರು.

"ಮೈಗಳ್ಳ! ಇವನೊಬ್ಬ ನಾಯಕನಾ?" ಕ್ಷೌರಿಕ ನನ್ನ ಗಂಟಲ ಮೇಲೆ ಕತ್ತಿ ಇಟ್ಟುಕೊಂಡೇ ಕೂಗಿದ.

"ತಂಡಾನ ಫೈನಲ್‌ವರೆಗೆ ಎಳ್ಕೊಂಡು ಬಂದೋನು ಯಾರು ಮತ್ತೆ?" ಪಕ್ಕದ ಕುರ್ಚಿಯ ಲಾರಿ ಡ್ರೈವರ್ ಎದ್ದೇ ನಿಂತ.

"ಅವನ ಲೇಸು ಬಿಚ್ಚೇ ಇರ್ಲಿಲ್ಲ," ಅಂದೆ ನಾನು. "ಎಲ್ಲೋ ನೋವಿರ್ಬೇಕು. ಸುಧಾರಿಸ್ಕೊಳ್ಳೋಕೆ ಅದೊಂದು ನೆಪ."

"ನಿಮಗೆ ಹೇಗ್ರೀ ಗೊತ್ತು?" ಕ್ಷೌರಿಕ ಕೇಳಿದ.

ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ತಿರುವಿನಲ್ಲಿ ನೀನು ದಿನಾ ಬಗ್ಗಿ ಲೇಸು ಕಟ್ಟುತ್ತಿದ್ದೆ. ನಾನು ಮೇಲಿನಿಂದ ಬೀಗದ ಕೈ ಅಲ್ಲಾಡಿಸುತ್ತ ಕೂಗುತ್ತಿದ್ದೆ. ಏನೆಂದು ಕೂಗುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯಲಾರೆ.

"ನೋವಿದ್ರೆ ಬಾಯ್ಬಿಟ್ಟು ಹೇಳ್ಬೇಕಪ್ಪ," ಕ್ಷೌರಿಕ ಗೊಣಗಿದ. "ಹೇಳ್ದೆ ಇದ್ರೆ ನಮಗೇನು ಕನಸು ಬೀಳುತ್ತಾ?"

ನಾನು ಉಗುಳು ನುಂಗಿದೆ.

"ಅಲುಗಾಡ್ಬೇಡಿ," ಅಂದ. "ಕತ್ತಿ ಗಂಟಲ ಹತ್ರಾನೇ ಇದೆ."